ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿನ ಹೊರಬಡಾವಣೆಗೆ ಮನೆ ಬದಲಾಯಿಸುವವರಿಗೆ

ಚಾಮರಾಜಪೇಟೆ, ಶ್ರೀರಾಂಪುರ, ರಾಜಾಜಿನಗರದ ಒಂದೂವರೆ ಕೋಣೆಯ ಬಾಡಿಗೆ ಮನೆಯಲ್ಲಿ ಸಂಸಾರ ಶುರುಮಾಡಿದವರು, ಮಗು ಓಡಾಡತೊಡಗಿದ ಮೇಲೆ ಕೆಂಗೇರಿ, ತಲಘಟ್ಟಪುರ, ಯಲಹಂಕ, ಕಾಡುಗೋಡಿ, ಚಂದಾಪುರದ ಕಡೆ ಮನೆ ಹುಡುಕಲು ಹೊರಡುತ್ತಾರೆ. ಅದೇ ಬಾಡಿಗೆಗೆ ಇನ್ನೊಂದು ಕೋಣೆ, ಬಾಲ್ಕನಿ, ಗಾಳಿ ಬೆಳಕು ಸಿಗುತ್ತದೆ ಎಂಬುದು ನಿಜ. ಆದರೆ ಹೀಗೆ ಹೋಗಿ ವರ್ಷದೊಳಗೆ ಮತ್ತೆ ಗಂಟುಮೂಟೆ ಕಟ್ಟುವವರು ಮನೆಯ ಗೋಡೆ, ಕಿಟಕಿಯನ್ನು ದೂರುವುದು ಕಡಿಮೆ. ಅವರು ದೂರುವುದು ನೀರನ್ನು, ಶಾಲೆಯ ದೂರವನ್ನು, ಸಂಜೆಯ ಟ್ರಾಫಿಕ್ಕನ್ನು, ನಡುರಾತ್ರಿ ಡಾಕ್ಟರ್ ಸಿಗದಿರುವುದನ್ನು.

ಹಾಗಾಗಿ ಮನೆ ನೋಡುವ ಮೊದಲು ಆ ಜಾಗದಲ್ಲಿ ನಿಮ್ಮ ಮಗುವಿನ ಒಂದು ದಿನ ಹೇಗೆ ಕಳೆಯುತ್ತದೆ ಎಂದು ಲೆಕ್ಕ ಹಾಕಿ. ಬೆಳಿಗ್ಗೆ ಹಾಲು ಎಲ್ಲಿಂದ, ಸ್ನಾನಕ್ಕೆ ಯಾವ ನೀರು, ಶಾಲೆಗೆ ಎಷ್ಟು ಹೊತ್ತಿನ ದಾರಿ, ಮಧ್ಯಾಹ್ನ ಯಾರ ಜೊತೆ, ಸಂಜೆ ಆಟ ಎಲ್ಲಿ, ರಾತ್ರಿ ಜ್ವರ ಏರಿದರೆ ಯಾವ ಬಾಗಿಲು ತಟ್ಟಬೇಕು. ಇಷ್ಟಕ್ಕೂ ಉತ್ತರ ಸಿಕ್ಕಿದ ಬಡಾವಣೆಯಲ್ಲಿ ಸಾಧಾರಣ ಮನೆಯಾದರೂ ನಡೆಯುತ್ತದೆ. ಉತ್ತರ ಸಿಗದ ಕಡೆ ಮಾರ್ಬಲ್ ನೆಲ ಇದ್ದರೂ ಬೇಡ. ಮನೆ ಕೊಳ್ಳುವ ಯೋಚನೆ ಇದ್ದರಂತೂ ಅದೇ ಬಡಾವಣೆಯಲ್ಲಿ ಮೊದಲು ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಬಾಡಿಗೆಗೆ ಇದ್ದು ನೋಡಿ.

ಯಾವಾಗ ಹೋಗಬೇಕು

ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಬೇಸಿಗೆ ರಜೆ. ಮಕ್ಕಳಿರುವ ಮನೆಗೆ ಇದೇ ಸರಿಯಾದ ಕಾಲ. ಬೇಸಿಗೆಯ ನೀರಿನ ಪರಿಸ್ಥಿತಿಯೂ ಕಣ್ಣಾರೆ ಕಾಣುತ್ತದೆ. ಸಿಬಿಎಸ್‌ಇ ಶಾಲೆಗಳಲ್ಲಿ ಹಲವು ಏಪ್ರಿಲ್‌ನಲ್ಲೇ ತರಗತಿ ಶುರುಮಾಡುವುದರಿಂದ ಅಲ್ಲಿಗೆ ಸೇರಿಸುವವರು ಮಾರ್ಚ್ ಕೊನೆಗೇ ತಯಾರಿರಬೇಕು. ವರ್ಷದ ನಡುವೆ ಹೋಗಲೇಬೇಕಾದರೆ ದಸರಾ ರಜೆಯನ್ನು ಬಳಸಿಕೊಳ್ಳಿ; ರಜೆ ಮುಗಿದ ಮೇಲೆ ಎರಡನೇ ಅವಧಿ ಶುರುವಾಗುವುದರಿಂದ ಮಗು ಹೊಸ ತರಗತಿಯಲ್ಲಿ ಪಾಠದ ನಡುವೆ ಸಿಕ್ಕಿಕೊಳ್ಳುವುದಿಲ್ಲ.

ಆಷಾಢದಲ್ಲಿ ಹೆಚ್ಚಿನವರು ಮನೆ ಬದಲಾಯಿಸುವುದಿಲ್ಲ. ಆ ತಿಂಗಳು ಖಾಲಿ ಮನೆಗಳು ಹಾಗೇ ಉಳಿಯುತ್ತವೆ, ಓನರ್‌ಗಳು ಬಾಡಿಗೆಯಲ್ಲಿ ಚೌಕಾಸಿಗೆ ಬಗ್ಗುತ್ತಾರೆ, ಲಾರಿಗಳೂ ಸುಲಭವಾಗಿ ಸಿಗುತ್ತವೆ. ಮನೆಯಲ್ಲಿ ಹಿರಿಯರು ಆಷಾಢಕ್ಕೆ ಒಪ್ಪದಿದ್ದರೆ ಜ್ಯೇಷ್ಠದಲ್ಲೇ ಒಳ್ಳೆಯ ದಿನ ನೋಡಿ ಹಾಲುಕ್ಕಿಸಿ, ಒಂದು ರಾತ್ರಿ ಅಲ್ಲಿ ಮಲಗಿ, ಸಾಮಾನನ್ನು ನಿಧಾನವಾಗಿ ಸಾಗಿಸುವ ರೂಢಿಯೂ ಇದೆ. ತಿಂಗಳ ಕೊನೆಯ ಶನಿವಾರ-ಭಾನುವಾರ ಮತ್ತು ದೊಡ್ಡ ಮುಹೂರ್ತದ ದಿನ ಲಾರಿ ಬಾಡಿಗೆ ಏರುತ್ತದೆ. ವಾರದ ನಡುವಿನ ದಿನ ಅಗ್ಗ.

ನೀರು: ಇದರಲ್ಲಿ ಅವಸರ ಬೇಡ

ಹೊರವಲಯದಲ್ಲಿ ಮನೆಗೆ ನೀರು ಬರುವ ದಾರಿ ಮೂರು. ಜಲಮಂಡಳಿಯ ಕಾವೇರಿ, ಬೋರ್‌ವೆಲ್, ಟ್ಯಾಂಕರ್. 2007ರಲ್ಲಿ ನಗರದೊಳಕ್ಕೆ ಸೇರಿದ 110 ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ 5ನೇ ಹಂತಕ್ಕೆ 2024ರ ಅಕ್ಟೋಬರ್‌ನಲ್ಲಿ ಚಾಲನೆ ಸಿಕ್ಕಿತು. ಅದರ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. "ನಮ್ಮ ಏರಿಯಾಕ್ಕೆ ಕಾವೇರಿ ಬಂದಿದೆ" ಎಂದು ಬ್ರೋಕರ್ ಹೇಳುವುದು ಬೀದಿಯ ಕೆಳಗಿನ ಪೈಪಿನ ಮಾತಾಗಿರಬಹುದು. ಆ ಕಟ್ಟಡ ಅರ್ಜಿ ಹಾಕಿ, ಹಣ ಕಟ್ಟಿ ಸಂಪರ್ಕ ಪಡೆದಿದೆಯೇ ಎಂಬುದು ಬೇರೆಯೇ ವಿಚಾರ. ಕೊನೆಯ ಎರಡು ತಿಂಗಳ ಜಲಮಂಡಳಿ ಬಿಲ್ ತೋರಿಸಲು ಹೇಳಿ. ಬಿಲ್ಲಿನಲ್ಲಿ ನೀರಿನ ಶುಲ್ಕ ಇದ್ದರೆ ಸಂಪರ್ಕ ಇದೆ. ಆಮೇಲೆ ಪಕ್ಕದ ಮನೆಯವರನ್ನು ಕೇಳಿ: ವಾರಕ್ಕೆ ಎಷ್ಟು ದಿನ ಬರುತ್ತದೆ, ಎಷ್ಟು ಹೊತ್ತಿಗೆ, ಎಷ್ಟು ಗಂಟೆ.

ತಲಘಟ್ಟಪುರದಾಚೆ, ಆನೇಕಲ್, ಹೊಸಕೋಟೆ ಕಡೆಯ ಎಷ್ಟೋ ಬಡಾವಣೆಗಳು ಇವತ್ತಿಗೂ ಬೋರ್‌ವೆಲ್ ನಂಬಿಕೊಂಡೇ ಇವೆ. ಬೋರ್‌ವೆಲ್ ಎಷ್ಟು ಅಡಿ, ಯಾವ ವರ್ಷ ಕೊರೆಸಿದ್ದು, ಎಷ್ಟು ಇಂಚು ನೀರು, ಎಷ್ಟು ಮನೆಗೆ ಒಂದು ಎಂದು ವಿಚಾರಿಸಿ. ಅಂತರ್ಜಲ ತೀರ ಕೆಳಗಿಳಿಯುವುದು ಮಾರ್ಚ್, ಏಪ್ರಿಲ್‌ನಲ್ಲಿ. ನವೆಂಬರ್‌ನಲ್ಲಿ ಮನೆ ನೋಡಿದವರಿಗೆ ನಲ್ಲಿ ಧಾರಾಳವಾಗಿಯೇ ಹರಿಯುತ್ತದೆ. ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್‌ನವರಿಂದ ಹಿಂದಿನ ಮಾರ್ಚ್-ಏಪ್ರಿಲ್‌ನ ಟ್ಯಾಂಕರ್ ಖರ್ಚು ಎಷ್ಟಾಗಿತ್ತೆಂದು ಕೇಳಿ. ಲೆಕ್ಕದ ಪುಸ್ತಕಕ್ಕಿಂತ ನಿಜ ಹೇಳುವ ಸಾಕ್ಷಿ ಇನ್ನೊಂದಿಲ್ಲ.

ಟ್ಯಾಂಕರ್ ಲೆಕ್ಕ ಹೀಗೆ. ನಗರದ ನೀರು ಪೂರೈಕೆಗೆ ಹಿಡಿಯುವ ಮಾನದಂಡ ತಲೆಗೆ ದಿನಕ್ಕೆ 135 ಲೀಟರ್. ನಾಲ್ಕು ಜನಕ್ಕೆ 540 ಲೀಟರ್, ತಿಂಗಳಿಗೆ 16,200. ಬರೀ ಟ್ಯಾಂಕರ್ ನಂಬಿದರೆ 6,000 ಲೀಟರಿನ ಒಂದು ಲೋಡು 11 ದಿನ ಬರುತ್ತದೆ, ತಿಂಗಳಿಗೆ ಸುಮಾರು ಮೂರು ಲೋಡು ಬೇಕು. ಬಟ್ಟೆಯ ನ್ಯಾಪಿ ಬಳಸುವ ಮನೆಯಲ್ಲಿ ಒಗೆತ ಹೆಚ್ಚು, ಇನ್ನೂ ಬೇಗ ಖಾಲಿಯಾಗುತ್ತದೆ. 2024ರ ಬೇಸಿಗೆಯ ಬರದಲ್ಲಿ ಟ್ಯಾಂಕರ್ ದರ ಕೈಮೀರಿದಾಗ ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾಯಿತು: 5 ಕಿ.ಮೀ. ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. ಸಂಪಿನ ಅಳತೆಯನ್ನೂ ನೋಡಿ. 4,000 ಲೀಟರಿನ ಸಂಪಿಗೆ 6,000 ಲೀಟರಿನ ಟ್ಯಾಂಕರ್ ತರಿಸಿದರೆ ಪೂರ್ತಿ ಹಣ ಕೊಟ್ಟು ಉಳಿದ ನೀರನ್ನು ವಾಪಸ್ ಕಳಿಸಬೇಕಾಗುತ್ತದೆ. ಟ್ಯಾಂಕರ್ ಖರ್ಚು ಓನರ್‌ದೋ ಬಾಡಿಗೆದಾರರದೋ ಎಂಬುದು ಕರಾರಿನಲ್ಲಿ ಬರವಣಿಗೆಯಲ್ಲೇ ಇರಲಿ. ಬೇಸಿಗೆಯ ಜಗಳಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ.

ನೀರಿನ ಗುಣ ಮಕ್ಕಳಿರುವ ಮನೆಗೆ ಅದರ ಪ್ರಮಾಣದಷ್ಟೇ ಮುಖ್ಯ. ಕೆಲವು ನೂರು ರೂಪಾಯಿಗೆ ಸಿಗುವ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣ) ಮೀಟರನ್ನು ಮನೆ ನೋಡಲು ಹೋಗುವಾಗ ಜೇಬಿನಲ್ಲಿಟ್ಟುಕೊಳ್ಳಿ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 2,000ದವರೆಗೆ ಸಹಿಸಬಹುದು. ಗಡಸುತನಕ್ಕೆ ಇದೇ ಮಿತಿ 200 ಮತ್ತು 600. ಆದರೆ ಈ ಮೀಟರ್ ಹೇಳುವುದು ಕರಗಿದ ಲವಣಗಳ ಒಟ್ಟು ಲೆಕ್ಕವನ್ನು ಮಾತ್ರ. ನೈಟ್ರೇಟ್, ಫ್ಲೋರೈಡ್, ರೋಗಾಣು ಅದಕ್ಕೆ ಗೊತ್ತಾಗುವುದಿಲ್ಲ. 300 ಟಿಡಿಎಸ್ ತೋರಿಸುವ ನೀರಿನಲ್ಲೂ ಕೊಳಚೆ ಬೆರೆತಿರಬಹುದು.

ಒಳಚರಂಡಿ ಇಲ್ಲದ ಬಡಾವಣೆಗಳಲ್ಲಿ ಪ್ರತಿ ಮನೆಗೂ ಒಂದು ಪಿಟ್ (ಮಲದ ಗುಂಡಿ) ಇರುತ್ತದೆ. ಅದರ ನೀರು ಮಣ್ಣಿಗಿಳಿದು ಬೋರ್‌ವೆಲ್ ಸೇರಿದರೆ ನೈಟ್ರೇಟ್ ಏರುತ್ತದೆ. ಇದರ ಮಿತಿ ಲೀಟರಿಗೆ 45 ಮಿಲಿಗ್ರಾಂ, ಅದಕ್ಕೆ ಸಡಿಲಿಕೆ ಇಲ್ಲ. ಆರು ತಿಂಗಳೊಳಗಿನ ಕೂಸಿಗೆ ಇಂಥ ನೀರಿನಲ್ಲಿ ಪುಡಿ ಹಾಲು ಕಲಸಿ ಕೊಟ್ಟರೆ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಗ್ಗಿ ಮೈ ನೀಲಿಗಟ್ಟುವ ಅಪಾಯವಿದೆ. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಫ್ಲೋರೈಡ್ ಕೂಡ ಕುದಿಸಿದರೆ ಹೋಗುವಂಥದ್ದಲ್ಲ. ಇವೆರಡನ್ನೂ ತಗ್ಗಿಸುವುದು ಆರ್‌ಒ. ಅಪಾರ್ಟ್‌ಮೆಂಟ್‌ಗಳಲ್ಲಿ ಹಾಕಿಸಿರುವ ಸಾಫ್ಟ್‌ನರ್ ನೀರಿನ ಗಡಸುತನ ಇಳಿಸುತ್ತದೆ, ಕುಡಿಯುವ ನೀರಾಗಿ ಮಾಡುವುದಿಲ್ಲ. ಈ ಎರಡನ್ನೂ ಒಂದೇ ಎಂದುಕೊಂಡವರು ಬಹಳ ಜನ.

ಅಡ್ವಾನ್ಸ್ ಕೊಡುವ ಮೊದಲು ಎನ್‌ಎಬಿಎಲ್ (ಪ್ರಯೋಗಾಲಯಗಳ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ನೀರು ಕೊಟ್ಟು ಟಿಡಿಎಸ್, ಗಡಸುತನ, ನೈಟ್ರೇಟ್, ಫ್ಲೋರೈಡ್, ಇ-ಕೋಲಿ (ಮಲದಿಂದ ಬರುವ ರೋಗಾಣು) ಪರೀಕ್ಷೆ ಮಾಡಿಸಿ. ಅಡುಗೆಮನೆಯ ನಲ್ಲಿಯನ್ನು ಎರಡು ಮೂರು ನಿಮಿಷ ಹರಿಯಬಿಟ್ಟು ಹಿಡಿಯಿರಿ. ರಾಸಾಯನಿಕ ಪರೀಕ್ಷೆಗೆ ಒಂದೆರಡು ಲೀಟರಿನ ಚೊಕ್ಕ ಬಾಟಲಿ ಸಾಕು, ಅದೇ ನೀರಿನಿಂದ ಮೂರು ಸಲ ಗಲಬರಿಸಿ ತುಂಬಿಸಿ. ರೋಗಾಣು ಪರೀಕ್ಷೆಗೆ ಪ್ರಯೋಗಾಲಯವೇ ಕೊಡುವ ಕ್ರಿಮಿರಹಿತ ಬಾಟಲಿ ಬೇಕು. ಅದನ್ನು ಗಲಬರಿಸಬಾರದು, ಒಳಗೆ ಬೆರಳು ತಾಗಬಾರದು, ಐಸ್ ಜೊತೆ ಇಟ್ಟು ಅದೇ ದಿನ ತಲುಪಿಸಬೇಕು. ಕಾವೇರಿ ನೀರೂ ಬೋರ್ ನೀರೂ ಒಂದೇ ಸಂಪಿಗೆ ಬೀಳುತ್ತವೆಯೇ ಎಂದು ಕೇಳಲು ಮರೆಯಬೇಡಿ. ಬಿದ್ದರೆ ನೀವು ಕುಡಿಯುವುದು ಎರಡರ ಮಿಶ್ರಣವನ್ನು, ಅದು ದಿನಕ್ಕೊಂದು ಹದದಲ್ಲಿರುತ್ತದೆ.

ಗಡಸು ನೀರಿಗೆ ಸೋಪು ನೊರೆ ಬರುವುದಿಲ್ಲ, ಮಗುವಿನ ಚರ್ಮ ಒಣಗಿ ಬಿಳಿಚಿಕೊಳ್ಳುತ್ತದೆ, ಗೀಸರ್ ಕಾಯಿಲ್‌ಗೆ ಸುಣ್ಣ ಕಟ್ಟುತ್ತದೆ. ಕೂಸಿನ ಸ್ನಾನದ ಕೊನೆಯ ಒಂದು ಚೊಂಬು ಕಾವೇರಿ ಅಥವಾ ಆರ್‌ಒ ನೀರಾಗಿರಲಿ. ಒರೆಸಿದ ಕೂಡಲೇ, ಮೈ ಇನ್ನೂ ತೇವ ಇರುವಾಗಲೇ ಕೊಬ್ಬರಿ ಎಣ್ಣೆ ಹಚ್ಚಿ. ಗೀಸರ್ ಅನ್ನು ವರ್ಷಕ್ಕೊಮ್ಮೆ ಬಿಚ್ಚಿಸಿ ಸುಣ್ಣ ತೆಗೆಸಿ.

ದಾರಿ

ನಕ್ಷೆಯಲ್ಲಿ 14 ಕಿ.ಮೀ. ಎಂದು ಕಾಣುವುದಕ್ಕೆ ಅರ್ಥವಿಲ್ಲ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಆ ಮನೆಯ ಬಾಗಿಲಿನಿಂದ ಆಫೀಸಿನವರೆಗೆ, ಮತ್ತು ಮಳೆ ಬಂದ ಸಂಜೆ ಆರಕ್ಕೆ ವಾಪಸ್, ಒಂದೊಂದು ಸಲ ಖುದ್ದು ಹೋಗಿ ಬನ್ನಿ. ಮೆಟ್ರೋ ಹತ್ತಿರವಿದ್ದರೆ ಲೆಕ್ಕ ಬದಲಾಗುತ್ತದೆ. ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ, ಹಸಿರು ಮಾರ್ಗ ದಕ್ಷಿಣದಲ್ಲಿ ರೇಷ್ಮೆ ಸಂಸ್ಥೆ, ಉತ್ತರದಲ್ಲಿ ಮಾದಾವರ ಮುಟ್ಟಿದೆ, ಆರ್‌.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಆದರೆ ಮಗುವನ್ನು ಎತ್ತಿಕೊಂಡು ನಡೆಯುವವರಿಗೆ ನಿಲ್ದಾಣ ಒಂದು ಕಿ.ಮೀ. ಒಳಗಿದ್ದರೆ ಮಾತ್ರ ಅದು "ಹತ್ತಿರ". ಅದಕ್ಕಿಂತ ದೂರವಿದ್ದರೆ ನಿಲ್ದಾಣದಿಂದ ಮನೆಗೆ ರಾತ್ರಿ ಎಂಟರ ಮೇಲೆ ಆಟೋ ಬರುತ್ತದೆಯೇ, ಫೀಡರ್ ಬಸ್ಸಿನ ಕೊನೆಯ ಟ್ರಿಪ್ ಎಷ್ಟಕ್ಕೆ ಎಂದು ವಿಚಾರಿಸಿ.

ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಾದರೆ ಒಂದು ಮಾತನ್ನು ಗಟ್ಟಿ ಹಿಡಿಯಿರಿ. ಶಾಲೆಯಿಂದ "ಮಗುವಿಗೆ ವಾಂತಿ, ಬಂದು ಕರೆದುಕೊಂಡು ಹೋಗಿ" ಎಂದು ಫೋನ್ ಬಂದರೆ ಅರ್ಧ ಗಂಟೆಯಲ್ಲಿ ತಲುಪಬಲ್ಲ ಒಬ್ಬರು ಇರಲೇಬೇಕು. ಇಬ್ಬರ ಆಫೀಸೂ ಊರಿನ ಆ ತುದಿಯಲ್ಲಿದ್ದು, ಅಜ್ಜ-ಅಜ್ಜಿ ಹಳೇ ಬಡಾವಣೆಯಲ್ಲೇ ಉಳಿದರೆ ಹಾಗೆ ತಲುಪಬಲ್ಲವರು ಯಾರೂ ಇರುವುದಿಲ್ಲ. ಡೇಕೇರ್ ನೋಡುವಾಗ ಸಂಜೆ ಎಷ್ಟಕ್ಕೆ ಬಾಗಿಲು ಹಾಕುತ್ತಾರೆ, ತಡವಾದರೆ ಮಗು ಯಾರ ಜೊತೆ ಇರುತ್ತದೆ ಎಂದು ಮೊದಲು ಕೇಳಿ, ಫೀಸು ಆಮೇಲೆ. ಸ್ಕೂಟರಿನಲ್ಲಿ ಬಿಡುವವರಾದರೆ 9 ತಿಂಗಳಿಂದ 4 ವರ್ಷದ ಮಕ್ಕಳಿಗೆ ಹೆಲ್ಮೆಟ್ ಮತ್ತು ಸವಾರರ ಮೈಗೆ ಕಟ್ಟುವ ಸುರಕ್ಷತಾ ಪಟ್ಟಿ ಕಡ್ಡಾಯ, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು, ಈ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ.

ಆಸ್ಪತ್ರೆಯ ವಿಷಯ. ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ, ವಾಣಿವಿಲಾಸ ಎರಡೂ ಊರೊಳಗೆ. ಕಾಡುಗೋಡಿಯಿಂದಲೋ ಚಂದಾಪುರದಿಂದಲೋ ಸಂಜೆಯ ಟ್ರಾಫಿಕ್‌ನಲ್ಲಿ ಅಲ್ಲಿಗೆ ಸೇರುವುದು ಸುಲಭವಲ್ಲ. ಹೊಸ ಬಡಾವಣೆಯಿಂದ 15 ನಿಮಿಷದೊಳಗೆ, ರಾತ್ರಿಯಿಡೀ ತೆರೆದಿರುವ, ಆಮ್ಲಜನಕ ಮತ್ತು ನೆಬ್ಯುಲೈಸರ್ ಇರುವ, ಮಕ್ಕಳ ವೈದ್ಯರನ್ನು ಕರೆಸುವ ವ್ಯವಸ್ಥೆಯಿರುವ ನರ್ಸಿಂಗ್ ಹೋಂ ಯಾವುದೆಂದು ಗೊತ್ತುಮಾಡಿಕೊಳ್ಳಿ. ಬೋರ್ಡಿನಲ್ಲಿ "24 ಗಂಟೆ" ಎಂದು ಬರೆದಿದ್ದರೆ ಸಾಲದು, ರಾತ್ರಿ ಹನ್ನೊಂದಕ್ಕೆ ಒಮ್ಮೆ ಹೋಗಿ ಯಾರಿದ್ದಾರೆ ನೋಡಿ. ಲಸಿಕೆಗೆ ತಾಯಿ ಕಾರ್ಡ್ ಇದ್ದರೆ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಹಾಕಿಸಬಹುದು. ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ತಪ್ಪಿಹೋಗುವುದು ಸಾಮಾನ್ಯವಾಗಿ 9 ತಿಂಗಳಿನ, 16ರಿಂದ 24 ತಿಂಗಳಿನ ಮತ್ತು 5ರಿಂದ 6 ವರ್ಷದ ಚುಚ್ಚುಮದ್ದುಗಳು. ಮುಂದಿನ ದಿನಾಂಕ ಯಾವುದೆಂದು ಈಗಲೇ ಕಾರ್ಡ್ ತೆಗೆದು ನೋಡಿ. ಹೊಸ ಬೀದಿಯ ಆಶಾ ಕಾರ್ಯಕರ್ತೆ ಯಾರೆಂದು ಅಂಗನವಾಡಿಯಲ್ಲಿ ಕೇಳಿದರೆ ಹೇಳುತ್ತಾರೆ.

ಮಗುವಿನ ಎತ್ತರಕ್ಕೆ ಬಗ್ಗಿ ಮನೆ ನೋಡಿ

ಮೊದಲು ಸಂಪಿನ ಮುಚ್ಚಳ. ಅದು ಪೋರ್ಟಿಕೋದಲ್ಲೋ ಗೇಟಿನ ಪಕ್ಕದಲ್ಲೋ ಇರುತ್ತದೆ, ಮಕ್ಕಳು ಆಡುವುದೂ ಅಲ್ಲೇ. ತಗಡಿನ ತೆಳು ಮುಚ್ಚಳ, ತುಕ್ಕು ಹಿಡಿದ ಹಿಂಜು ಇದ್ದರೆ ದಪ್ಪ ಕಬ್ಬಿಣದ ಮುಚ್ಚಳ ಹಾಕಿಸಿ ಬೀಗ ಜಡಿಯುವವರೆಗೆ ಆ ಮನೆಗೆ ಮಗುವನ್ನು ಕರೆದೊಯ್ಯಬೇಡಿ. ಟ್ಯಾಂಕರ್‌ನವರು ನೀರು ಬಿಟ್ಟು ಮುಚ್ಚಳ ತೆರೆದಿಟ್ಟೇ ಹೋಗುವುದುಂಟು. ಬೀಗದ ಕೈ ನಿಮ್ಮ ಬಳಿಯೇ ಇದ್ದರೆ ಹಾಗಾಗುವುದಿಲ್ಲ. ಪಕ್ಕದ ಅರೆಬರೆ ಕಟ್ಟಡದ ಸಂಪು, ಲಿಫ್ಟ್ ಗುಂಡಿ, ಮಳೆನೀರು ನಿಂತ ಪಾಯದ ಗುಂಡಿಗಳನ್ನೂ ಸುತ್ತಿ ನೋಡಿ. ಬೆಳೆಯುತ್ತಿರುವ ಬಡಾವಣೆಯಲ್ಲಿ ಇವು ಮನೆಯೊಳಗಿನ ಅಪಾಯಗಳಿಗಿಂತ ದೊಡ್ಡವು.

ಬಾಲ್ಕನಿ ಕಂಬಿಗಳ ನಡುವೆ ನಾಲ್ಕು ಇಂಚಿಗಿಂತ ಹೆಚ್ಚು ಸಂದಿದ್ದರೆ ಮಗುವಿನ ಮೈ ತೂರಬಹುದು. ಗಟ್ಟಿ ಬಲೆ ಕಟ್ಟಿಸಿ. ಅಡ್ಡಪಟ್ಟಿಯ ಕಂಬಿಗಳು ಏಣಿಯಂತೆ ಹತ್ತಲು ಬರುತ್ತವೆ, ಅವುಗಳ ಪಕ್ಕ ಕುರ್ಚಿ, ಹೂಕುಂಡ ಇಡಬೇಡಿ. ಮೀಟರ್ ಬೋರ್ಡಿನಲ್ಲಿ, ಕರೆಂಟು ಸೋರಿದರೆ ತಾನೇ ಕಡಿತ ಮಾಡುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆಯೇ ನೋಡಿ, ಅದರ ಟೆಸ್ಟ್ ಬಟನ್ ಒತ್ತಿದಾಗ ಕರೆಂಟು ಕಡಿತವಾಗಬೇಕು. ಕಡಿತವಾಗದಿದ್ದರೆ ಅದು ಇದ್ದೂ ಇಲ್ಲದಂತೆ. ಎಲ್ಲ ಕಿಟಕಿಗೂ ಸೊಳ್ಳೆ ಪರದೆ ಬೇಕು. ಡೆಂಗಿ ಹರಡುವ ಸೊಳ್ಳೆ ಹಗಲು ಕಚ್ಚುತ್ತದೆ, ಮಗು ಮಲಗುವುದೂ ಹಗಲಲ್ಲೇ.

ಪಕ್ಕದಲ್ಲಿ ಖಾಲಿ ಸೈಟು, ಹಿಂದೆ ರಾಜಕಾಲುವೆ, ಕೆರೆ ಏರಿ ಇದ್ದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಬಚ್ಚಲಿನ ನೀರು ಹೋಗುವ ಕಿಂಡಿಗೆ ಜಾಲರಿ, ಬಾಗಿಲಿನ ಅಡಿಯ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ. ಚಪ್ಪಲಿ ಸ್ಟ್ಯಾಂಡಿನಲ್ಲಿ ಮಗುವಿನ ಶೂ ಕೊಡವದೆ ಹಾಕಬೇಡಿ. ಹಾವು ಕಂಡರೆ ಹೊಡೆಯಲು ಹೋಗದೆ, ದೂರ ನಿಂತು ಕಣ್ಣಿಟ್ಟುಕೊಂಡು ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಕಚ್ಚಿದರೆ ಸೊಪ್ಪಿನ ಪಟ್ಟು ಹಾಕುವುದು, ಕುಯ್ಯುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ, ಮಗು ಅಲುಗಾಡದಂತೆ ನೋಡಿಕೊಂಡು 108 ಕರೆದು ನೇರ ಆಸ್ಪತ್ರೆಗೆ ಹೋಗಿ.

ಹಣ ಮತ್ತು ಕರಾರು

ಹಳೇ ಮನೆಯ ಅಡ್ವಾನ್ಸ್ ಕೈಗೆ ಬರುವ ಮೊದಲೇ ಹೊಸ ಮನೆಯದನ್ನು ಕೊಡಬೇಕು ಎಂಬುದನ್ನು ಲೆಕ್ಕಕ್ಕೆ ತಂದುಕೊಳ್ಳಿ. ಉದಾಹರಣೆಗೆ ಬಾಡಿಗೆ 22,000, ಅಡ್ವಾನ್ಸ್ ಆರು ತಿಂಗಳದ್ದು ಎಂದರೆ 1,32,000. ಮೊದಲ ತಿಂಗಳ ಬಾಡಿಗೆ 22,000. ಬ್ರೋಕರ್‌ಗೆ ಒಂದು ತಿಂಗಳದ್ದು 22,000. ಒಟ್ಟು 1,76,000. ಲಾರಿ, ಪರದೆ, ಬಲೆ, ಆರ್‌ಒ, ಶಾಲೆಯ ಮೊದಲ ಕಂತು ಇದರ ಮೇಲೆ. ಎಲ್ಲವೂ ಒಂದೇ ತಿಂಗಳಲ್ಲಿ ಬರುವುದರಿಂದ ಕೈ ಕಟ್ಟಿಹೋಗುತ್ತದೆ. ಮೂರು ತಿಂಗಳ ಮೊದಲೇ ಈ ಹಣ ಬೇರೆಯಾಗಿರಲಿ.

ಕರಾರು 11 ತಿಂಗಳಿಗೇ ಆಗುವುದು ವಾಡಿಕೆ, ಒಂದು ವರ್ಷ ಮೀರಿದ ಅವಧಿಯ ಬಾಡಿಗೆ ಕರಾರು ನೋಂದಣಿ ಆಗಲೇಬೇಕು ಎಂಬ ಕಾನೂನು ಇರುವುದರಿಂದ. ಕರಾರಿನಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಲಿ, ಮುಂದೆ ವಿಳಾಸದ ಪುರಾವೆಗೆ ಇಬ್ಬರಿಗೂ ಬೇಕಾಗುತ್ತದೆ. ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ಖಾಲಿ ಮಾಡಲು ಎಷ್ಟು ತಿಂಗಳ ಮುನ್ಸೂಚನೆ, ಅಡ್ವಾನ್ಸ್ ಯಾವ ದಿನ ವಾಪಸ್, ಬಲೆ ಮತ್ತು ಪರದೆಗೆ ಗೋಡೆ ಕೊರೆಯಲು ಒಪ್ಪಿಗೆ ಇದೆಯೇ, ಇವಿಷ್ಟೂ ಬರೆಸಿ. ಬಾಡಿಗೆ ಇಲ್ಲದೆ ದೊಡ್ಡ ಮೊತ್ತ ಕೊಟ್ಟು ಇರುವ ಭೋಗ್ಯದ ಮನೆ ಹೊರವಲಯದಲ್ಲಿ ಬೇಕಾದಷ್ಟು ಸಿಗುತ್ತವೆ. ಆ ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಓನರ್ ಕಂತು ನಿಲ್ಲಿಸಿದರೆ ಬೀಗ ಬೀಳುವುದು ನಿಮ್ಮ ಸಂಸಾರಕ್ಕೆ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪ್ರಮಾಣಪತ್ರ (ಇಸಿ) ತೆಗೆಸಿ ನೋಡದೆ, ನೋಂದಣಿ ಮಾಡಿಸದೆ ಭೋಗ್ಯಕ್ಕೆ ಕೈ ಹಾಕಬೇಡಿ.

ಶಾಲೆ

ಮನೆ ಗೊತ್ತಾದ ಮೇಲೆ ಶಾಲೆ ಹುಡುಕುವುದು ತಲೆಕೆಳಗಾದ ಕ್ರಮ. ಮೊದಲು ಎರಡು ಮೂರು ಶಾಲೆ ನೋಡಿ, ಸೀಟು ಇದೆಯೆಂದು ಖಾತ್ರಿಯಾದ ಮೇಲೆ ಅವುಗಳ ಸುತ್ತ ಮನೆ ಹುಡುಕಿ. ಆರು ವರ್ಷದೊಳಗಿನ ಮಗು ಬಸ್ಸಿನಲ್ಲಿ ಒಂದು ಕಡೆಗೆ ಅರ್ಧ ಗಂಟೆಗಿಂತ ಹೆಚ್ಚು ಕೂರುವಂತಾಗಬಾರದು. ಶಾಲೆಯವರು ದೂರ ಹೇಳುತ್ತಾರೆ. ನೀವು ಕೇಳಬೇಕಾದ್ದು ನಿಮ್ಮ ಮನೆ ಬಸ್ಸಿನ ದಾರಿಯಲ್ಲಿ ಎಷ್ಟನೇ ನಿಲುಗಡೆ ಎಂದು. ಮೊದಲು ಹತ್ತಿ ಕೊನೆಗೆ ಇಳಿಯುವ ಮಗುವಿಗೆ ಐದು ಕಿ.ಮೀ. ದಾರಿಯೂ ಒಂದು ಗಂಟೆಯಾಗುತ್ತದೆ.

ವಯಸ್ಸಿನ ನಿಯಮದಲ್ಲಿ ಎಡವುವವರು ಬಹಳ. ಜೂನ್ 1ಕ್ಕೆ ಎಲ್‌ಕೆಜಿಗೆ 4, ಯುಕೆಜಿಗೆ 5, ಒಂದನೇ ತರಗತಿಗೆ 6 ವರ್ಷ ತುಂಬಿರಬೇಕು ಎಂಬುದು ರಾಜ್ಯದ ನಿಯಮ. 2025-26ರ ಸಾಲಿಗೆ ಒಂದನೇ ತರಗತಿಗೆ 5 ವರ್ಷ 5 ತಿಂಗಳಿಗೆ ಸಡಿಲಿಕೆ ಕೊಟ್ಟಿದ್ದರು. ನಿಮ್ಮ ಮಗುವಿನ ಹುಟ್ಟುಹಬ್ಬ ಜೂನ್‌ನಿಂದ ಡಿಸೆಂಬರ್ ನಡುವೆ ಇದ್ದರೆ ಆ ವರ್ಷದ ಸುತ್ತೋಲೆ ನೋಡಿಯೇ ಹಣ ಕಟ್ಟಿ.

ದೊಡ್ಡ ಮಗುವಿಗೆ ಟಿಸಿ ಬೇಕು. ಹಳೇ ಶಾಲೆಯ ಬಾಕಿ ತೀರಿಸಿ, ಎರಡು ವಾರ ಮೊದಲೇ ಬರವಣಿಗೆಯಲ್ಲಿ ಕೇಳಿ. ಟಿಸಿಯಲ್ಲಿ ಮಗುವಿನ ಸ್ಯಾಟ್ಸ್ (ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆ) ಸಂಖ್ಯೆ, ಹೆಸರಿನ ಕಾಗುಣಿತ, ಹುಟ್ಟಿದ ದಿನ ಮೂರನ್ನೂ ಜನನ ಪ್ರಮಾಣಪತ್ರದ ಪಕ್ಕ ಇಟ್ಟು ತಾಳೆ ನೋಡಿ. ಒಂದು ಅಕ್ಷರ ತಪ್ಪಿದ್ದರೂ ಎಸ್‌ಎಸ್‌ಎಲ್‌ಸಿಯವರೆಗೆ ಕಾಡುತ್ತದೆ, ಹಳೇ ಶಾಲೆಯಲ್ಲಿದ್ದಾಗ ತಿದ್ದಿಸುವುದೇ ಸುಲಭ. ಸರ್ಕಾರಿ ಶಾಲೆಗೆ ಸೇರಿಸುವವರಿಗೆ ಟಿಸಿ ತಡವಾಯಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಖಾಸಗಿ ಶಾಲೆಗಳಲ್ಲಿ ಕನ್ನಡ ಪ್ರಥಮ ಭಾಷೆಯೋ ದ್ವಿತೀಯವೋ ಎಂದು ಕೇಳಿ. ಹಳೇ ಬೀದಿಯಲ್ಲಿ ದಿನವಿಡೀ ಕನ್ನಡ ಕೇಳಿ ಬೆಳೆದ ಮಗು ಹೊಸ ಅಪಾರ್ಟ್‌ಮೆಂಟಿನ ಆಟದ ಜಾಗದಲ್ಲಿ ಅದನ್ನು ಕೇಳದೇ ಇರಬಹುದು, ಆಗ ತರಗತಿಯ ಕನ್ನಡಕ್ಕೆ ಇನ್ನಷ್ಟು ಬೆಲೆ.

ಸಾಮಾನು ಕಟ್ಟುವುದು

ಎರಡು ಮಲಗುಕೋಣೆಯ ಮನೆಗೆ 30ರಿಂದ 40 ರಟ್ಟಿನ ಪೆಟ್ಟಿಗೆ, 14 ಅಡಿಯ ಲಾರಿ ಸಾಕಾಗುತ್ತದೆ. ಪ್ಯಾಕರ್ಸ್‌ನವರಿಗೆ ಫೋನಿನಲ್ಲಿ ದರ ಒಪ್ಪಬೇಡಿ. ಮನೆಗೆ ಬಂದು ನೋಡಿ, ಸಾಮಾನಿನ ಪಟ್ಟಿ, ಎರಡೂ ಕಡೆಯ ಮಹಡಿ, ಲಿಫ್ಟ್ ಇದೆಯೇ, ಮಂಚ-ಬೀರು ಬಿಚ್ಚಿ ಜೋಡಿಸುವ ಕೂಲಿ, ಜಿಎಸ್‌ಟಿ ಎಲ್ಲ ಸೇರಿಸಿ ಬರೆದುಕೊಡಲಿ. ಇಳಿಸುವ ಹೊತ್ತಿಗೆ ಗೇಟಿನಲ್ಲಿ ನಿಂತು ಹೆಚ್ಚಿಗೆ ಕೇಳುವುದು ಈ ಕಸುಬಿನಲ್ಲಿ ಮಾಮೂಲು ತಕರಾರು, ಬರವಣಿಗೆ ಇದ್ದರೆ ಬಾಯಿ ಮುಚ್ಚುತ್ತದೆ. ಅಪಾರ್ಟ್‌ಮೆಂಟ್‌ಗಳಲ್ಲಿ ಭಾನುವಾರ ಅಥವಾ ಸಂಜೆ ಸಾಮಾನು ಸಾಗಿಸಲು ಬಿಡದ ನಿಯಮ ಇರುತ್ತದೆ, ಮೊದಲೇ ವಿಚಾರಿಸಿ.

ಪುಸ್ತಕಗಳಿಗೆ ಚಿಕ್ಕ ಪೆಟ್ಟಿಗೆ, 15 ಕೆ.ಜಿ. ಮೀರದಿರಲಿ. ಫ್ರಿಜ್ಜನ್ನು ಹಿಂದಿನ ದಿನವೇ ಆರಿಸಿ, ಐಸ್ ಕರಗಿಸಿ, ಒರೆಸಿ, ನಿಲ್ಲಿಸಿಯೇ ಸಾಗಿಸಿ. ತಲುಪಿದ ಮೇಲೆ ಮೂರು ನಾಲ್ಕು ಗಂಟೆ ಬಿಟ್ಟು ಆನ್ ಮಾಡಿ. ಮುಂಬಾಗಿಲಿನ ವಾಷಿಂಗ್ ಮಷೀನಿನ ಹಿಂದೆ ಟ್ರಾನ್ಸಿಟ್ ಬೋಲ್ಟ್‌ಗಳನ್ನು ಮತ್ತೆ ಹಾಕದೆ ಲಾರಿಗೇರಿಸಿದರೆ ಡ್ರಮ್ಮು ಕುಣಿದು ಸ್ಪ್ರಿಂಗ್ ಕಳಚುತ್ತದೆ. ಹೊಸ ಮನೆಯಲ್ಲಿ ಬೋಲ್ಟ್ ತೆಗೆಯದೆ ಓಡಿಸಿದರೂ ಅಷ್ಟೇ ಹಾನಿ. ಗ್ಯಾಸ್ ಸಿಲಿಂಡರ್, ಇನ್ವರ್ಟರ್ ಬ್ಯಾಟರಿ ಎರಡನ್ನೂ ಮಲಗಿಸಬಾರದು. ತುಳಸಿ ಕುಂಡಕ್ಕೆ ಹಿಂದಿನ ದಿನ ನೀರು ಹಾಕದಿದ್ದರೆ ಮಣ್ಣು ಹಗುರಾಗಿ ಹೊರಲು ಸುಲಭ.

ಮಗುವಿನ ಕೋಣೆಯನ್ನು ಕೊನೆಗೆ ಬಿಚ್ಚಿ, ಲಾರಿಗೆ ಕೊನೆಗೆ ಏರಿಸಿ, ಅಲ್ಲಿ ಮೊದಲು ಇಳಿಸಿ. ಹಾಸಿಗೆ, ಹೊದಿಕೆ, ತೊಟ್ಟಿಲ ಬಟ್ಟೆಯನ್ನು ಒಗೆಯದೆ ಹಾಗೇ ಒಯ್ಯಿರಿ. ಹಳೇ ವಾಸನೆ ಇರುವ ಹಾಸಿಗೆಯಲ್ಲಿ ಮಗುವಿಗೆ ನಿದ್ದೆ ಬೇಗ ಹತ್ತುತ್ತದೆ. ಸಾಗಿಸುವ ದಿನ ಚಿಕ್ಕ ಮಕ್ಕಳು ಅಜ್ಜಿಯ ಮನೆಯಲ್ಲೋ ಚಿಕ್ಕಮ್ಮನ ಮನೆಯಲ್ಲೋ ಇರಲಿ. ಬಾಗಿಲು ಹಗಲಿಡೀ ತೆರೆದಿರುವ ದಿನ ಅದು. ಒಂದು ಚೀಲ ಮಾತ್ರ ನಿಮ್ಮ ಕೈಯಲ್ಲೇ ಇರಬೇಕು: ಎರಡು ದಿನದ ಬಟ್ಟೆ, ನ್ಯಾಪಿ, ಹಾಲಿನ ಬಾಟಲಿ, ಕುದಿಸಿ ಆರಿಸಿದ ನೀರು, ಥರ್ಮಾಮೀಟರ್, ಓಆರ್‌ಎಸ್, ಜ್ವರದ ಔಷಧಿ ಮತ್ತು ಮಗುವಿನ ತೂಕಕ್ಕೆ ವೈದ್ಯರು ಬರೆದ ಪ್ರಮಾಣದ ಚೀಟಿ, ತಾಯಿ ಕಾರ್ಡ್, ಟಿಸಿ, ಜನನ ಪ್ರಮಾಣಪತ್ರ, ಟಾರ್ಚು, ಒಂದು ಸ್ಕ್ರೂಡ್ರೈವರ್, ಹಾಲುಕ್ಕಿಸುವ ಪಾತ್ರೆ ಮತ್ತು ಬೆಂಕಿಪೊಟ್ಟಣ.

ಮೊದಲ ವಾರಗಳು

ಮನೆಯ ಜೊತೆ ಬೇರೆ ಯಾವುದನ್ನೂ ಬದಲಾಯಿಸಬೇಡಿ. ಎದೆಹಾಲು ಬಿಡಿಸುವುದು, ಬೇರೆ ಮಲಗಿಸುವುದು, ಶೌಚದ ಅಭ್ಯಾಸ ಮಾಡಿಸುವುದು ಎಲ್ಲ ಎರಡು ತಿಂಗಳು ಮುಂದಕ್ಕೆ ಹೋಗಲಿ. ಅಭ್ಯಾಸವಾಗಿದ್ದ ಮಗು ಮತ್ತೆ ಹಾಸಿಗೆ ಒದ್ದೆ ಮಾಡಬಹುದು, ರಾತ್ರಿ ಎದ್ದು "ನಮ್ಮನೆಗೆ ಹೋಗೋಣ" ಎಂದು ಅಳಬಹುದು, ಊಟ ಬಿಡಬಹುದು. ಗದರದಿದ್ದರೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಎರಡು ತಿಂಗಳಾದರೂ ನಿಲ್ಲದಿದ್ದರೆ, ತೂಕ ಇಳಿದರೆ ಮಕ್ಕಳ ವೈದ್ಯರಿಗೆ ತೋರಿಸಿ. ಸಂಜೆ ಐದರಿಂದ ಆರೂವರೆಯವರೆಗೆ ಪಾರ್ಕಿನಲ್ಲಿ ಕುಳಿತರೆ ಮಗುವಿಗೆ ಜೊತೆಗಾರರು, ನಿಮಗೆ ಮನೆಗೆಲಸದವರು, ಒಳ್ಳೆಯ ಪ್ಲಂಬರ್, ನೀರು ಬಿಡುವವರ ನಂಬರ್ ಎಲ್ಲ ಸಿಗುತ್ತವೆ.

ಕಾಗದಪತ್ರಗಳಲ್ಲಿ ತುರ್ತಾದದ್ದು ಉಚಿತ ಕರೆಂಟಿನ ಗೃಹಜ್ಯೋತಿ. ಹಳೇ ಮನೆಯ ಆರ್‌.ಆರ್. (ವಿದ್ಯುತ್ ಸಂಪರ್ಕದ) ನಂಬರಿಗೆ ನಿಮ್ಮ ಆಧಾರ್ ಜೋಡಣೆಯಾಗಿದ್ದರೆ ಸೇವಾಸಿಂಧುವಿನಲ್ಲಿ ಅದನ್ನು ಬಿಡಿಸಿ, ಹೊಸ ಮನೆಯ ನಂಬರಿಗೆ ಸೇರಿಸಿ. ಹೊಸ ಮನೆಗೆ ಹಿಂದಿನ ಬಾಡಿಗೆದಾರರ ಜೋಡಣೆ ಹಾಗೇ ಉಳಿದಿದ್ದರೆ ನಿಮ್ಮ ಅರ್ಜಿ ತಿರಸ್ಕಾರವಾಗುತ್ತದೆ, ಅದನ್ನು ಬಿಡಿಸುವಂತೆ ಓನರ್‌ಗೆ ಬೀಗದ ಕೈ ತೆಗೆದುಕೊಳ್ಳುವಾಗಲೇ ಹೇಳಿ. ಎರಡೂ ಮನೆಯ ಮೀಟರ್ ರೀಡಿಂಗ್ ಫೋಟೋ ತೆಗೆದಿಡಿ. ಗ್ಯಾಸ್ ಸಂಪರ್ಕವನ್ನು ಊರೊಳಗೇ ಬೇರೆ ಏಜೆನ್ಸಿಗೆ ವರ್ಗಾಯಿಸುವಾಗ ಸಿಲಿಂಡರ್, ರೆಗ್ಯುಲೇಟರ್ ಹಿಂತಿರುಗಿಸಬೇಕಿಲ್ಲ. ಬೇರೆ ಊರಾದರೆ ಹಿಂತಿರುಗಿಸಿ ಠೇವಣಿ ಪಡೆದು ಅಲ್ಲಿ ಹೊಸದಾಗಿ ಕಟ್ಟಬೇಕು. ಪಡಿತರವನ್ನು ಅದೇ ಕಾರ್ಡಿನಲ್ಲಿ ಹೊಸ ಬಡಾವಣೆಯ ನ್ಯಾಯಬೆಲೆ ಅಂಗಡಿಯಲ್ಲೂ ಪಡೆಯಬಹುದು. ಮನೆಯ ಒಬ್ಬರ ಆಧಾರ್ ವಿಳಾಸ ಬದಲಾದರೆ, ಕುಟುಂಬದ ಮುಖ್ಯಸ್ಥರ ಒಪ್ಪಿಗೆಯ ಆಧಾರದಲ್ಲಿ ಸಂಗಾತಿ ಮತ್ತು ಮಕ್ಕಳದನ್ನು ಆನ್‌ಲೈನಿನಲ್ಲೇ ಬದಲಾಯಿಸಬಹುದು. 5 ವರ್ಷ ತುಂಬಿದ ಮಗುವಿನ ಬೆರಳಚ್ಚು ಕೊಡುವ ಕೆಲಸ ಬಾಕಿಯಿದ್ದರೆ ಆಗಲೇ ಮುಗಿಸಿ. ಡ್ರೈವಿಂಗ್ ಲೈಸೆನ್ಸಿನ ವಿಳಾಸವನ್ನೂ ಬದಲಾಯಿಸಿಕೊಳ್ಳಿ. ಗಾಡಿಯ ಆರ್‌ಸಿಯ ವಿಳಾಸಕ್ಕೆ 30 ದಿನದ ಗಡುವು. ಮತದಾರರ ಪಟ್ಟಿಗೆ ನಮೂನೆ 8 ತುಂಬಬೇಕು. ಚುನಾವಣೆ ಘೋಷಣೆಯಾಗಿ ನಾಮಪತ್ರ ಸಲ್ಲಿಕೆ ಮುಗಿದ ಮೇಲೆ ಹೆಸರು ಸೇರುವುದಿಲ್ಲ, ಆದ್ದರಿಂದ ಅದನ್ನು ಮೊದಲ ತಿಂಗಳಲ್ಲೇ ಹಾಕಿ.